ಭಯಾನಕರಸವೂ ಎಳೆಯರ ಬೊಂಬೆಯೂ

ಅಭಿಜ್ಞಾನಶಾಕುಂತಲದ ಏಳನೆಯ ಅಂಕದಲ್ಲಿ ಬಾಲಕ ಸರ್ವದಮನನು ತಾಯಿಯ ಮೊಲೆಯುಣ್ಣುತ್ತಿದ್ದ ಸಿಂಹದ ಮರಿಯನ್ನು ಸೆಳೆದುಕೊಂಡು, ಹಲ್ಲೆಣಿಸಬೇಕೆಂದು ಅದರ ಬಾಯಿ ತೆರೆಯಿಸಹೊರಡುತ್ತಾನೆ. ತಾಪಸಿಯರ ಗದರಿಕೆಗೆ ಅವನು ಅಳುಕುವುದಿಲ್ಲ. ಸಿಂಹಿಯು ಮೇಲೆ ಬೀಳುವಳೆಂದರೆ ನಗುತ್ತಾನೆ. ಕಡೆಗೆ ಅವರಲ್ಲೊಬ್ಬಳು ಪರ್ಣಶಾಲೆಯಿಂದ ಬಣ್ಣ ಬಳಿದ ಮಣ್ಣಿನ ನವಿಲನ್ನು ತರಿಸಿ ಅವನನ್ನು ಒಲಿಸಬೇಕಾಗುತ್ತದೆ. ಬೊಂಬೆಯ ಕೆಲಸ ಯಾವುದೆಂಬುದನ್ನು ಕಾಳಿದಾಸನು ಇಲ್ಲಿ ವ್ಯಾಖ್ಯಾನವಿಲ್ಲದೆ ತೋರಿಸಿದ್ದಾನೆ. ಸಿಂಹವು ಸಿಂಹವಾಗಿಯೇ ಉಳಿಯಿತು. ಮಗುವಿನ ಕೈಗೆ ಬಂದುದು ಬೇರೆಯೇ ವಸ್ತು. ಸಿಂಹದ ಹಲ್ಲನ್ನೇ ಕಿತ್ತು, ಅದರ ಮುಖವನ್ನು ಸೌಮ್ಯವಾಗಿ ತಿದ್ದಿ, ಇದೇ ನಿನ್ನ ಆಟಿಕೆಯೆಂದು ಕೊಡಬಹುದೆಂಬ ಯೋಚನೆ ಆ ಆಶ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದುದು ಅಮೆರಿಕದ ಬೊಂಬೆಯ ವರ್ತಕರಿಗೆ. ‘ಸ್ಟಾರ್ ವಾರ್ಸ್’ ಎಂಬ ಪ್ರಖ್ಯಾತ ಚಲಚ್ಚಿತ್ರಮಾಲೆಯ ವೀರರನ್ನೂ ದುಷ್ಟರನ್ನೂ, ಇನ್ನೂ ಅಕ್ಷರಾಭ್ಯಾಸವಾಗದ ಎಳೆಯರ ಹಿಡಿಗೆ ಒಗ್ಗುವಂತೆ ಗಿಡ್ಡಗಿಡ್ಡನಾಗಿ, ಗುಂಡುಗುಂಡಾಗಿ ಎರಕ ಹೊಯ್ದು ಹ್ಯಾಸ್‌ಬ್ರೋ ಎಂಬ ಸಂಸ್ಥೆಯವರು ಈ ಶತಮಾನದ ಮೊದಲ ದಶಕದಲ್ಲಿ ‘ಗ್ಯಾಲಾಕ್ಟಿಕ್ ಹೀರೋಸ್’ ಎಂಬ ಹೆಸರಿನಿಂದ ಮಾರಿದರು. ಎಳೆಯರ ಆಟಿಕೆಗಳಿಗೆಂದೇ ಅವರಲ್ಲಿರುವ ‘ಪ್ಲೇಸ್ಕೂಲ್’ ಎಂಬ ಮುದ್ರೆಯಡಿಯಲ್ಲಿಯೂ ಇಂಥವು ಬಂದುವು. ಆಟಿಕೆಗಳ ವಿಷಯದಲ್ಲಿ ವಿಮರ್ಶೆಯೇ ಎಂದು ನಗುವವರು ನಗಬಹುದು. ಮಗುವು ಕಥೆಯೊಂದನ್ನು ಮೊದಲು ಸಂಧಿಸುವುದು ಇಂದು ಎಷ್ಟೋ ಮನೆಗಳಲ್ಲಿ ಅಜ್ಜಿಯ ಬಾಯಿಂದಲ್ಲ, ಇಂಥ ಬೊಂಬೆಯಿಂದ. ಆದುದರಿಂದ ಬೊಂಬೆಯು ಕಥೆಗೆ ಏನು ಮಾಡುತ್ತದೆಂಬುದು ಕಾವ್ಯವಿಚಾರಕ್ಕೆ ಹೊರಗಾದ ಮಾತಲ್ಲ.

ಮೊದಲು ಪೂರ್ವವೃತ್ತಾಂತ. ಜಾರ್ಜ್ ಲೂಕಾಸ್ ಎಂಬಾತನ ಮೊದಲನೆಯ ಚಿತ್ರ ತೆರೆಗೆ ಬಂದುದು 1977ರ ಮೇ ತಿಂಗಳಲ್ಲಿ. ಬೊಂಬೆ ಮೊದಲಾದ ಸರಕುಗಳ ಹಕ್ಕನ್ನು ಆತನು ತನ್ನಲ್ಲಿಯೇ ಉಳಿಸಿಕೊಂಡಿದ್ದನು. ಚಿತ್ರನಿರ್ಮಾಣಶಾಲೆಯವರಿಗೆ ಆಗ ಅದರ ಬೆಲೆ ತಿಳಿದಿರಲಿಲ್ಲ. ಬೊಂಬೆಗಳನ್ನು ಮಾಡಲು ಒಪ್ಪಿದವರು ಓಹಾಯೋ ಪ್ರಾಂತದ ಸಿನ್ಸಿನಾಟಿಯ ಕೆನ್ನರ್ ಸಂಸ್ಥೆಯವರು. ಚಿತ್ರಕ್ಕೆ ಅಷ್ಟು ಜನ ಮುಗಿಬೀಳುವರೆಂದು ಯಾರೂ ಎಣಿಸಿರಲಿಲ್ಲವಾಗಿ ಆ ವರ್ಷದ ಕ್ರಿಸ್‌ಮಸ್ಸಿಗೆ ಬೊಂಬೆಗಳೇ ಸಿದ್ಧವಾಗಿರಲಿಲ್ಲ. ಆಗ ಅವರು ಚಿತ್ರಿಸಿದ ರಟ್ಟಿನ ಪೀಠವೊಂದನ್ನೂ ಒಂದು ವಾಗ್ದಾನಪತ್ರವನ್ನೂ ಪೊಟ್ಟಣದಲ್ಲಿಟ್ಟು ಮಾರಿದರು. ಪತ್ರವನ್ನು ಅಂಚೆಯಲ್ಲಿ ಕಳುಹಿಸಿದವರಿಗೆ ಮರುವರ್ಷ ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್‌ಟೂ-ಡೀಟೂ ಎಂಬ ನಾಲ್ಕು ಬೊಂಬೆಗಳು ಬಂದು ಸೇರಿದುವು. ಬರಿಯ ರಟ್ಟನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಕಾಯ್ದ ಆ ಮಕ್ಕಳನ್ನು ಕಂಡು ವರ್ತಕರ ಚಾತುರ್ಯವನ್ನು ಹಳಿಯಬಹುದು. ಆದರೆ ಒಂದು ಮಾತು ನಿಜ. ಅಲ್ಲಿ ಕಥೆ ಮುಂದಾಗಿತ್ತು, ಬೊಂಬೆ ಹಿಂದಾಗಿತ್ತು. ಕತ್ತಲ ಮಂದಿರದಲ್ಲಿ ಕಂಡುದನ್ನು ಮನೆಯ ಬೆಳಕಿನಲ್ಲಿ ಮತ್ತೊಮ್ಮೆ ನಡೆಯಿಸಬೇಕೆಂಬ ಆಸೆಯೇ ಆ ರಟ್ಟಿನ ಪೀಠವನ್ನು ತುಂಬಿತ್ತು.

ಹುಡುಗರು ‘ಬೊಂಬೆ’ ಎಂದರೆ ಮುಟ್ಟಲಾರರೆಂದು 1964ರಲ್ಲಿ ಹ್ಯಾಸ್‌ಬ್ರೋದವರು ತಮ್ಮ ಸಿಪಾಯಿಬೊಂಬೆಗೆ ‘ಆಕ್ಷನ್ ಫಿಗರ್’ ಎಂದು ಹೆಸರಿಟ್ಟಿದ್ದರು. ಹೆಸರು ಬದಲಾದ ಮಾತ್ರಕ್ಕೆ ಬೊಂಬೆ ಬೊಂಬೆಯಾಗಿರುವುದನ್ನು ಬಿಡಲಿಲ್ಲ. ಆ ಸಿಪಾಯಿ ಸುಮಾರು ಒಂದಡಿ ಎತ್ತರದವನು. ಕೆನ್ನರ್‌ನವರು ಮೂರೂಮುಕ್ಕಾಲು ಅಂಗುಲಕ್ಕೆ ಇಳಿದರು. ಆಕಾಶನೌಕೆಗಳನ್ನೂ ಅದೇ ಅಳತೆಗೆ ಮಾಡಿ ಮಾರಬೇಕಾಗಿತ್ತಷ್ಟೆ. ಕೊರಳು, ಎರಡು ಭುಜ, ಎರಡು ತೊಡೆ, ಹೀಗೆ ಐದೇ ಕೀಲುಗಳು. ಡಾರ್ತ್ ವೇಡರನ ತೋಳಿನೊಳಗಿಂದ ತೆಳ್ಳನೆಯ ಅಲಗೊಂದು ಜಾರಿ ಹೊರಬರುತ್ತಿತ್ತು. ಕೈಬಂದೂಕುಗಳು ಬೆರಳ ತುದಿಯಷ್ಟು. ಅವು ಮಂಚದಡಿಯಲ್ಲಿ ಕಳೆದುಹೋಗುತ್ತಿದ್ದುವು; ಒಮ್ಮೊಮ್ಮೆ ಬಾಯಿಗೂ ಹೋಗುವಂತಿದ್ದುವು.

ಈ ಅಪಾಯವನ್ನು ಹಗುರವಾಗಿ ಎಣಿಸುವಂತಿಲ್ಲ. ಬೇರೊಂದು ಆಕಾಶಯುದ್ಧದ ಆಟಿಕೆಯ ಸಣ್ಣ ಬಾಣವು ಗಂಟಲಲ್ಲಿ ಸಿಕ್ಕಿ ಅಮೆರಿಕದಲ್ಲಿ ಮಗುವೊಂದು ಸತ್ತಿತು. 1979ರಲ್ಲಿ ಕೆನ್ನರ್‌ನವರು ಬಾಣ ಹಾರಿಸುವ ಬೋಬಾ ಫೆಟ್ ಎಂಬ ಬೊಂಬೆಯನ್ನು ಪ್ರಕಟಿಸಿದ್ದವರು ಆ ಬಾಣವನ್ನು ಬೆನ್ನಿಗೇ ಬೆಸೆದು ಕಳುಹಿಸಿದರು. 1980ರ ಆರಂಭದಿಂದ ಆ ದೇಶದ ಶಾಸನವೂ ಬಿಗಿಯಾಯಿತು. ಒಂದೂಕಾಲು ಅಂಗುಲ ಅಗಲದ ಕೊಳವೆಯೊಂದನ್ನು ಅಳತೆಗೋಲಾಗಿಟ್ಟು, ಅದರೊಳಗೆ ಪೂರ್ತಿ ಇಳಿಯುವ ಯಾವ ಚೂರೂ ಮೂರು ವರ್ಷದೊಳಗಿನವರ ಆಟಿಕೆಯಲ್ಲಿರಕೂಡದೆಂದು ವಿಧಿಸಿದರು. ಕೊಳವೆಯೇ ಮಗುವಿನ ಗಂಟಲಿನ ಪ್ರತಿನಿಧಿ. ಕಾವ್ಯಪರೀಕ್ಷೆಗೆ ಇಷ್ಟು ನಿಶ್ಚಿತವಾದ ಮಾನದಂಡವಿಲ್ಲವಲ್ಲಾ ಎಂದು ಯಾರಾದರೂ ಅಸೂಯೆಪಟ್ಟರೆ ತಪ್ಪಲ್ಲ! ಇರಲಿ. ಎಳೆಯರ ಬೊಂಬೆಯು ಗಾತ್ರದಲ್ಲಿ ದಪ್ಪವಾದುದು, ಅಲಗು ಗಿಡ್ಡವಾಗಿ ಕೈಗೇ ಅಂಟಿಕೊಂಡುದು, ಕೀಲುಗಳು ಕಡಮೆಯಾದುದು, ಇವೆಲ್ಲ ದೇಹರಕ್ಷಣೆಗಾಗಿ ಆದುವು, ಆಗಲೇಬೇಕಾಗಿದ್ದುವು. ಇಲ್ಲಿ ವಿಮರ್ಶೆಗೆ ಎಡೆಯಿಲ್ಲ.

ಎಡೆಯಿರುವುದು ಮುಖದ ವಿಷಯದಲ್ಲಿ. ಹಿಡಿ ದಪ್ಪವಾಗಲು ಮುಖವೂ ಸೌಮ್ಯವಾಗಬೇಕಾಗಿರಲಿಲ್ಲ. ಆ ಕೊಳವೆ ಅಗಲವನ್ನು ಅಳೆಯುತ್ತದೆಯೇ ಹೊರತು ಹುಬ್ಬುಗಂಟನ್ನಲ್ಲ. ಆದರೂ ಈ ಸಾಲಿನ ಬೊಂಬೆಗಳಲ್ಲಿ ಕ್ರೂರರೂ ಪೀಡಕರೂ ಮುದ್ದಾಗಿದ್ದಾರೆ. ತಲೆ ದೊಡ್ಡದು, ಒಡಲು ಮೊಟಕು, ಕಾಲು ಕಂಬದ ತುಂಡು; ಎಲ್ಲರೂ ಈಗತಾನೆ ನಡೆಯಲು ಕಲಿತ ಕೂಸುಗಳಂತೆ ನಿಂತಿದ್ದಾರೆ. ಭಯಾನಕಕ್ಕೆ ಆಲಂಬನವಾಗಬೇಕಾದವನು ವಾತ್ಸಲ್ಯಕ್ಕೆ ಆಲಂಬನವಾಗಿದ್ದಾನೆ.

ಚಿತ್ರದಲ್ಲಿ ವೇಡರನ ಭಯ ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು. ಅವನಿಗೆ ಮುಖವೇ ಇಲ್ಲ. ಇರುವುದು ಕರಿಯ ಶಿರಸ್ತ್ರಾಣ. ಅದು ಹುಬ್ಬನ್ನು ಗಂಟಿಕ್ಕಲಾರದು, ಹಲ್ಲು ಕಡಿಯಲಾರದು. ನಡೆದವನೊಬ್ಬ, ನುಡಿದವನೊಬ್ಬ: ಡೇವಿಡ್ ಪ್ರೌಸನ ಆರಡಿಗೆ ಮೀರಿದ ಮೈ, ಜೇಮ್ಸ್ ಅರ್ಲ್ ಜೋನ್ಸನ ಆಳವಾದ ಕಂಠ. ಇವೆರಡಕ್ಕಿಂತಲೂ ಮಿಗಿಲಾದುದು ಉಸಿರು. ನೀರಿನೊಳಗೆ ಮುಳುಗುವವರು ಬಳಸುವ ಶ್ವಾಸಯಂತ್ರದಲ್ಲಿ ಉಸಿರಾಡಿ ಆ ಶಬ್ದವನ್ನು ಹಿಡಿದಿಟ್ಟವನು ಧ್ವನಿಶಿಲ್ಪಿ ಬೆನ್ ಬರ್ಟ್. ಭಯಾನಕದ ವಿಭಾವಗಳನ್ನು ಎಣಿಸುವಾಗ ಭರತಮುನಿಯು ವಿಕೃತವಾದ ಶಬ್ದವನ್ನು ಹೇಳಿದ್ದಾನೆ. ಎರಡು ಸಾವಿರ ವರ್ಷಕ್ಕೆ ಸಮೀಪವಾದ ಆ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವೇಡರನು ಕಾಣಿಸಿಕೊಳ್ಳದಿದ್ದಾಗಲೂ ಅವನ ಉಸಿರು ಕೇಳಿದರೆ ಸಾಕು. ಉಸಿರನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ಯಲಾಗುವುದಿಲ್ಲ. ಕೆನ್ನರ್‌ನವರ ಸಣ್ಣ ಬೊಂಬೆಗೂ ಉಸಿರಿರಲಿಲ್ಲವೆಂಬುದು ನಿಜವೇ. ಆದರೆ ಅದನ್ನು ಹಿಡಿದ ಹುಡುಗನು ಚಿತ್ರವನ್ನು ಕಂಡಿದ್ದನು. ಆ ಉಸಿರನ್ನು ಅವನೇ ತನ್ನ ಅಂಗೈಯನ್ನು ಬಾಯಿಗೆ ಮರೆಮಾಡಿ ತುಂಬಿಕೊಡುತ್ತಿದ್ದನು.

ಎಳೆಯರಿಗೆ ಭಯವೇ ಬೇಡವೆಂದು ಕೆಲವರು ಹೇಳುವುದುಂಟು. ಕನ್ನಡದ ಕರಾವಳಿಯಲ್ಲಿ ಯಕ್ಷಗಾನದ ಬಣ್ಣದ ವೇಷ ಆರ್ಭಟಿಸಿ ರಂಗಕ್ಕೆ ಬಂದಾಗ ತಾಯ ಸೆರಗಿನಲ್ಲಿ ಮುಖ ಹುದುಗಿಸಿ, ಮತ್ತೆ ಒಂದು ಕಣ್ಣಿನಿಂದ ಇಣಿಕಿ ನೋಡುವ ಕೂಸನ್ನು ಬಲ್ಲವರು ಈ ಮಾತನ್ನು ಒಪ್ಪರು. ಸೆರಗು ಬೇಕು, ರಾಕ್ಷಸನೂ ಬೇಕು.

ಇಲ್ಲಿ ಪ್ರಾಸಂಗಿಕವಾಗಿ ಇನ್ನೊಂದು ಆಟಿಕೆಯನ್ನು ಹೇಳಬೇಕು. ಆಲೂಗಡ್ಡೆಯ ಆಕಾರಕ್ಕೆ ಕಣ್ಣು, ಮೂಗು, ಮೀಸೆಗಳನ್ನು ಚುಚ್ಚಿ ಆಡುವ ‘ಮಿಸ್ಟರ್ ಪೊಟೇಟೋ ಹೆಡ್’ ಎಂಬ ಬೊಂಬೆ 1952ರಿಂದ ಅಮೆರಿಕದ ಮನೆಗಳಲ್ಲಿದೆ. 2005ರಲ್ಲಿ ಅದಕ್ಕೆ ವೇಡರನ ಶಿರಸ್ತ್ರಾಣವನ್ನು ತೊಡಿಸಿ ‘ಡಾರ್ತ್ ಟೇಟರ್’ ಎಂದು ಮಾರಿದರು. ಸಲ್ಲದ ವೇಷವು ಹಾಸ್ಯಕ್ಕೆ ವಿಭಾವವೆಂದು ಶಾಸ್ತ್ರಕಾರರ ಮತ. ಗಡ್ಡೆಗೆ ಚಕ್ರಾಧಿಪತ್ಯದ ಸೇನಾನಿಯ ಉಡುಪೆಂದರೆ ಹಾಸ್ಯವೇ. ಅದು ಹಾಸ್ಯವೆಂದು ತಾನೇ ಒಪ್ಪಿಕೊಂಡಿದೆ. ಎರಡರಲ್ಲಿ ಆಲೂಗಡ್ಡೆಯೇ ಪ್ರಾಮಾಣಿಕವಾದ ಕೃತಿ. ಗುಂಡುಬೊಂಬೆಯಾದರೋ ನಗಿಸುವುದೂ ಇಲ್ಲ, ಹೆದರಿಸುವುದೂ ಇಲ್ಲ.

ಆ ಗುಂಡುಬೊಂಬೆಯ ಪಕ್ಷದಲ್ಲಿ ಹೇಳಬೇಕಾದುದೂ ಒಂದುಂಟು. ಅದನ್ನು ಮರೆಮಾಚಿದರೆ ಅನ್ಯಾಯವಾದೀತು. ಕೂಸಿನ ಮೈಗೆ ವೇಡರನ ಶಿರಸ್ತ್ರಾಣವೆಂಬ ಈ ಜೋಡಣೆ, ಮಾಡಿದವರು ಅರಿತೋ ಅರಿಯದೆಯೋ, ಕಥೆಯ ಮರ್ಮಕ್ಕೇ ತಗುಲಿದೆ. 1980ರ ಚಿತ್ರದಲ್ಲಿ ವೇಡರನು ತಾನೇ ಲ್ಯೂಕನ ತಂದೆಯೆಂದು ಹೇಳುತ್ತಾನೆ. 1983ರ ಚಿತ್ರದಲ್ಲಿ ಸಾಯುವ ತಂದೆಯ ಶಿರಸ್ತ್ರಾಣವನ್ನು ಮಗನೇ ತೆಗೆಯುತ್ತಾನೆ. ಒಳಗಿರುವುದು ಬಿಳಿಚಿಕೊಂಡ, ಬಳಲಿದ ಮನುಷ್ಯಮುಖ. 1999ರ ಚಿತ್ರ ಇನ್ನೂ ಹಿಂದಕ್ಕೆ ಹೋಗಿ, ಆ ಮನುಷ್ಯನನ್ನೇ ಆನಕಿನ್ ಎಂಬ ಒಂಬತ್ತು ವರ್ಷದ ದಾಸೀಪುತ್ರನಾಗಿ ತೋರಿಸುತ್ತದೆ. ಆ ಭೀಷಣವೇಷದೊಳಗೆ ಎಂದೋ ಒಬ್ಬ ಬಾಲಕನಿದ್ದನೆಂಬುದೇ ಮಾಲೆಯ ಕರುಣರಸದ ಮೂಲ. ಬಲ್ಲವನೊಬ್ಬನು ಗುಂಡುಬೊಂಬೆಯನ್ನು ಕೈಯಲ್ಲಿ ಹಿಡಿದರೆ ಅವನಿಗೆ ಇದು ಹೊಳೆದು ಎದೆ ಕರಗಲೂಬಹುದು.

ಆದರೆ ಬಲ್ಲವನಿಗೆ! ರಸಾಸ್ವಾದಕ್ಕೆ ವಾಸನೆಯು ಬೇಕೆಂದು ಆಲಂಕಾರಿಕರು ಹೇಳುವುದು ಇಲ್ಲಿ ಸರಿಯಾಗಿ ಸಲ್ಲುತ್ತದೆ. ಎಳೆಮಗುವಿಗೆ ಆ ಕಥೆಯ ವಾಸನೆಯೇ ಇಲ್ಲ. ಇರುವುದು ಅದರ ತಂದೆಗೆ. 1978ರಲ್ಲಿ ಅಂಚೆಯವನ ದಾರಿ ಕಾಯ್ದ ಹುಡುಗನೇ ಕಾಲು ಶತಮಾನ ಕಳೆದ ಮೇಲೆ ತಂದೆಯಾಗಿ ಅಂಗಡಿಗೆ ಬಂದನು. ಅವನಿಗೆ ತನ್ನ ಬಾಲ್ಯವನ್ನು ಮಗನ ಕೈಯಲ್ಲಿ ನೋಡುವ ಆತುರ. ಮಗ ಬೆಳೆಯುವವರೆಗೆ ಕಾಯಲಾರನು. ಮೃಚ್ಛಕಟಿಕದಲ್ಲಿ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ನೋಡಿ, ತನಗೆ ಮಣ್ಣಿನ ಬಂಡಿ ಬೇಡವೆಂದು ಅತ್ತನು. ಅಲ್ಲಿ ಆಸೆ ಮಗುವಿನದು. ವಸಂತಸೇನೆ ಒಡವೆಯನ್ನು ತುಂಬಿಕೊಟ್ಟುದು ಆ ಅಳುವನ್ನು ಕಂಡು. ಇಲ್ಲಿ ಮಗು ಅಳಲಿಲ್ಲ, ಕೇಳಲೂ ಇಲ್ಲ. ಆಸೆಯೂ ಕೊಳ್ಳುವಿಕೆಯೂ ಎರಡೂ ತಂದೆಯವು. ಈ ಬೊಂಬೆಗೆ ಸಹೃದಯನು ಯಾರೆಂದರೆ ಹಣ ಕೊಟ್ಟವನೇ ಹೊರತು ಹಿಡಿದವನಲ್ಲ.

ಇದರಿಂದ ಏನು ಹಾನಿ ಎಂದರೆ, 2005ರಲ್ಲಿ ಬಂದ ಚಿತ್ರವನ್ನು ನೆನೆಯಬಹುದು. ಅದರಲ್ಲಿ ಆನಕಿನ್ ಗುರುಕುಲದ ಎಳೆಯ ಶಿಷ್ಯರನ್ನು ಕೊಲ್ಲುತ್ತಾನೆ. ಕಡೆಗೆ ತಾನೂ ಬೆಂದು ವೇಡರನಾಗುತ್ತಾನೆ. ಹದಿಮೂರು ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರು ಎಚ್ಚರವಾಗಿರಬೇಕೆಂಬ ಸೂಚನೆ ಈ ಮಾಲೆಯಲ್ಲಿ ಮೊದಲು ಅಂಟಿದುದು ಆ ಚಿತ್ರಕ್ಕೇ. ಗುಂಡುಬೊಂಬೆಗಳು ಅಂಗಡಿಯಲ್ಲಿದ್ದುದೂ ಆ ವರ್ಷಗಳಲ್ಲಿಯೇ. ಆನಕಿನ್ ಕೂಡ ಅವುಗಳಲ್ಲೊಬ್ಬ. ನೋಡಬಾರದ ಕಥೆಯ ನಾಯಕನನ್ನು ಆಡಲು ಕೊಟ್ಟಂತಾಯಿತು. ಆ ಕ್ರೌರ್ಯವನ್ನು ಕೂಸು ಅರಿಯದು, ಆದ್ದರಿಂದ ಕೂಸಿಗೇನೂ ಕೇಡಿಲ್ಲವೆಂಬುದನ್ನು ಒಪ್ಪಬಹುದು. ಕೇಡಾದುದು ಕಥೆಗೆ, ಮತ್ತು ಮುಂದೊಂದು ದಿನ ಆ ಕಥೆಯ ಮುಂದೆ ಕುಳಿತುಕೊಳ್ಳುವ ಎಂಟು ವರ್ಷದ ಹುಡುಗನಿಗೆ.

ಮೊದಲನೆಯ ಚಿತ್ರದ ಆರಂಭದಲ್ಲಿಯೇ ನೌಕೆಯ ಬಿಳಿಯ ಓಣಿಯೊಂದರಲ್ಲಿ ಬಾಗಿಲು ಸಿಡಿಯುತ್ತದೆ. ಹೊಗೆಯೊಳಗಿಂದ ಕರಿಯ ಆಕೃತಿಯೊಂದು ಹೊರಬಂದು, ಬಿದ್ದ ಹೆಣಗಳ ನಡುವೆ ನಿಲ್ಲುತ್ತದೆ. 1977ರಲ್ಲಿ ಅದು ಯಾರೆಂದು ಯಾರಿಗೂ ತಿಳಿಯದು, ಮಂದಿರವೆಲ್ಲ ಸ್ತಬ್ಧ. ಹಾಲುಹಲ್ಲಿನ ಕಾಲದಲ್ಲಿ ಆ ತಲೆಯನ್ನೇ ಚೀಪಿ, ಸ್ನಾನದ ತೊಟ್ಟಿಯಲ್ಲಿ ಅದನ್ನು ತೇಲಿಸಿದ ಹುಡುಗನು ಈಗ ಅದನ್ನು ಕಂಡು ಹಳೆಯ ಗೆಳೆಯನನ್ನು ಕಂಡಂತೆ ನಗುತ್ತಾನೆ. ಅಲ್ಲಿ ಅವನು ನಕ್ಕರೆ 1983ರ ಚಿತ್ರದಲ್ಲಿ ಶಿರಸ್ತ್ರಾಣ ಕಳಚಿದಾಗ ಅವನು ಅಳಲಾರ. ಮುಂಚೆ ಅಂಜದವನಿಗೆ ಅಲ್ಲಿ ಕ್ಷಮಿಸಲು ಏನಿದೆ? ಆರು ವರ್ಷಗಳ ಅಂತರದಲ್ಲಿ ಮೂರು ಚಿತ್ರಗಳು ಕೂಡಿ ಕಟ್ಟಿದ ಭಾವಬಂಧವೊಂದು ಒಂದು ಗುಂಡು ತಲೆಯಿಂದ ಸಡಿಲವಾಗುತ್ತದೆ.

ಈ ಸಾಲಿನಲ್ಲಿ ಕುಂದಿಲ್ಲದ ಬೊಂಬೆಗಳೂ ಇವೆ. ರೋಮಮಯನಾದ ಚ್ಯೂಬಾಕಾನು ದಪ್ಪನಾದುದರಿಂದ ಏನನ್ನೂ ಕಳೆದುಕೊಂಡಿಲ್ಲ. ಅವನು ಚಿತ್ರದಲ್ಲಿಯೂ ಅಪ್ಪಿಕೊಳ್ಳಬೇಕೆನಿಸುವಂಥವನೇ. ಎಲ್ಲಕ್ಕಿಂತ ಉತ್ತಮವಾದುದು ಆರ್‌ಟೂ-ಡೀಟೂ. ಬೋರಲು ಬಟ್ಟಲಿನಂಥ ತಲೆಯ ಈ ಗಿಡ್ಡಯಂತ್ರವು ಮಾತನ್ನೇ ಆಡದು, ಸಿಳ್ಳು ಹಾಕುತ್ತದೆ, ಅಷ್ಟೆ. ಕೆನ್ನರ್‌ನವರ ಹಳೆಯ ಬೊಂಬೆಯಲ್ಲಿ ಆ ತಲೆಯನ್ನು ತಿರುಗಿಸಿದರೆ ಟಿಕ್ ಟಿಕ್ ಎಂದು ಸದ್ದಾಗುತ್ತಿತ್ತು. ಇದನ್ನು ಮುದ್ದಾಗಿಸಲು ಯಾರೂ ಕಷ್ಟಪಡಬೇಕಾಗಿರಲಿಲ್ಲ. ಇನ್ನೂ ಮಾತು ಬಾರದ ಮಗುವೊಂದು ಅದನ್ನು ನೆಲದ ಮೇಲೆ ಉರುಳಿಸುತ್ತಾ ತನ್ನದೇ ಭಾಷೆಯಲ್ಲಿ ಅದಕ್ಕೆ ಉತ್ತರ ಕೊಡುತ್ತಿರುವಾಗ, ಚಿತ್ರದಲ್ಲಿ ಆ ಯಂತ್ರವು ತನ್ನ ಜೊತೆಗಾರರೊಡನೆ ಆಡುವ ಸಂಭಾಷಣೆಯೇ ಅಲ್ಲಿ ನಡೆಯುತ್ತಿರುತ್ತದೆ.