ಖಾಸಗಿ ಮಧ್ಯಸ್ಥಿಕೆ: ಗುಣದೋಷ ವಿವೇಚನೆ

ಗೆದ್ದವನು ಸೋತ, ಸೋತವನು ಸತ್ತ ಎಂದು ನ್ಯಾಯಾಲಯದ ವ್ಯಾಜ್ಯವನ್ನು ಕುರಿತು ನಮ್ಮ ಜನ ಆಡುವ ಮಾತು ದೀರ್ಘಾನುಭವದಿಂದ ಹುಟ್ಟಿದುದು. ಆದುದರಿಂದ, ಉಭಯ ಪಕ್ಷದವರೂ ತಮಗೆ ವಿಶ್ವಾಸವುಳ್ಳ ತಜ್ಞನೊಬ್ಬನನ್ನು ತಾವೇ ಆರಿಸಿಕೊಂಡು, ಅವನು ಕೊಡುವ ಐತೀರ್ಪಿಗೆ ತಲೆಬಾಗುವೆವೆಂದು ಮೊದಲೇ ಒಡಂಬಟ್ಟು, ಕೋರ್ಟಿನ ಮೆಟ್ಟಿಲು ಹತ್ತದೆಯೇ ಕಲಹವನ್ನು ಮುಗಿಸಿಕೊಳ್ಳುವ ಮಧ್ಯಸ್ಥಿಕೆಯ ಪದ್ಧತಿಯು ವಿವೇಕಿಗಳ ಮೆಚ್ಚಿಕೆಗೆ ಪಾತ್ರವಾದುದರಲ್ಲಿ ಆಶ್ಚರ್ಯವಿಲ್ಲ. ಮಧ್ಯಸ್ಥಿಕೆಯನ್ನು ಕುರಿತ 1940ರ ಕಾಯಿದೆಯು ಹೆಜ್ಜೆಹೆಜ್ಜೆಗೂ ನ್ಯಾಯಾಲಯದ ಪ್ರವೇಶಕ್ಕೆ ಎಡೆಗೊಟ್ಟು ಆ ಉದ್ದೇಶವನ್ನೇ ಕೆಡಿಸಿತ್ತಾಗಿ, ವಿಶ್ವಸಂಸ್ಥೆಯ ಆಯೋಗವು 1985ರಲ್ಲಿ ರಚಿಸಿದ ಮಾದರಿಯನ್ನು ಅನುಸರಿಸಿ ನಮ್ಮ ಸಂಸತ್ತು 1996ರಲ್ಲಿ ಹೊಸ ಅಧಿನಿಯಮವನ್ನು ರೂಪಿಸಿತು.

ಇಬ್ಬರು ವರ್ತಕರ ನಡುವೆ, ಅಥವಾ ಕಾಮಗಾರಿಯ ಅಳತೆ ಪುಸ್ತಕವನ್ನು ಓದಬಲ್ಲ ಗುತ್ತಿಗೆದಾರನಿಗೂ ಅಂಥದೇ ಬಲ್ಲವಿಕೆಯುಳ್ಳ ಸಂಸ್ಥೆಗೂ ನಡುವೆ, ಈ ಪದ್ಧತಿಯ ಗುಣಗಳು ನಿಸ್ಸಂದೇಹವಾದುವು. ಕಾಂಕ್ರೀಟಿನ ಗುಣವನ್ನರಿತ ಎಂಜಿನಿಯರನೇ ತೀರ್ಪುಗಾರನಾಗಬಹುದು. ವ್ಯಾಪಾರದ ಗುಟ್ಟು ಬೀದಿಗೆ ಬಾರದು. ವಾದ ಪ್ರತಿವಾದಗಳ ಸಲ್ಲಿಕೆ ಮುಗಿದ ಹನ್ನೆರಡು ತಿಂಗಳೊಳಗೆ, ಇಬ್ಬರೂ ಒಪ್ಪಿದರೆ ಮತ್ತಾರು ತಿಂಗಳೊಳಗೆ, ಐತೀರ್ಪು ಬರಬೇಕೆಂಬುದು ದೇಶದೊಳಗಿನ ವಿವಾದಗಳಿಗೆ ಇಂದಿನ ಕಾನೂನು ವಿಧಿಸಿರುವ ಅವಧಿ. ಬಂದ ಐತೀರ್ಪು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುವುದು.

ಆದರೆ ಇಲ್ಲಿಯೂ ಅಂತಿಮತೆಯೆಂಬುದು ಹೆಸರಿಗೆ ಮಾತ್ರ ಉಳಿದಿರುವ ಸಂದರ್ಭಗಳುಂಟು. ದೆಹಲಿಯ ವಿಮಾನನಿಲ್ದಾಣ ಮೆಟ್ರೋ ಮಾರ್ಗದ ವಿವಾದದಲ್ಲಿ 2017ರಲ್ಲಿ ಖಾಸಗಿ ಕಂಪನಿಯ ಪರವಾಗಿ ಬಂದ ಐತೀರ್ಪನ್ನು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಎತ್ತಿಹಿಡಿಯಿತು, ವಿಭಾಗೀಯ ಪೀಠ ತಳ್ಳಿಹಾಕಿತು, 2021ರಲ್ಲಿ ಸುಪ್ರೀಂ ಕೋರ್ಟು ಪುನಃ ಎತ್ತಿಹಿಡಿಯಿತು, 2024ರಲ್ಲಿ ಅದೇ ಸುಪ್ರೀಂ ಕೋರ್ಟು ಪರಿಹಾರಾತ್ಮಕ (ಕ್ಯುರೇಟಿವ್) ಅರ್ಜಿಯ ಮೇಲೆ ಅದನ್ನು ರದ್ದುಗೊಳಿಸಿತು. ಕೊನೆಯ ತೀರ್ಪಿನ ಸಾಧುತ್ವ ಏನೇ ಇರಲಿ, ಕೋರ್ಟನ್ನು ತಪ್ಪಿಸಲೆಂದು ಹಿಡಿದ ದಾರಿಯು ನಾಲ್ಕು ಬಾರಿ ಕೋರ್ಟಿನೊಳಗೇ ಹಾದುಹೋಯಿತೆಂಬುದು ಸ್ಪಷ್ಟ.

ಇದಕ್ಕಿಂತ ಗುರುತರವಾದ ದೋಷವು ಮಧ್ಯಸ್ಥಗಾರನ ನೇಮಕದಲ್ಲಿದ್ದಿತು. ಸರ್ಕಾರಿ ಗುತ್ತಿಗೆಗಳಲ್ಲಿ ಇಲಾಖೆಯ ಎಂಜಿನಿಯರನೇ, ಸಾಲದ ಕರಾರುಗಳಲ್ಲಿ ಸಾಲ ಕೊಟ್ಟ ಕಂಪನಿಯು ಹೆಸರಿಸಿದವನೇ, ತೀರ್ಪು ಕೊಡತಕ್ಕವನೆಂದು ಬರೆಸಿಕೊಳ್ಳುವ ರೂಢಿ ಬಹುಕಾಲ ನಡೆದುಬಂದಿತು; ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. 2015ರ ತಿದ್ದುಪಡಿಯು ಪಕ್ಷದವರೊಡನೆ ಇಂಥ ಸಂಬಂಧವುಳ್ಳವರನ್ನು ಅನರ್ಹಗೊಳಿಸಿತು. ಸಾರ್ವಜನಿಕ ಸಂಸ್ಥೆಗಳ ಕರಾರುಗಳಲ್ಲಿ ಒಂದು ಪಕ್ಷವೇ ಮಧ್ಯಸ್ಥಗಾರನನ್ನು ನೇಮಿಸುವ ಷರತ್ತು ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಸಾರಿತು. ಇಷ್ಟು ಸರಳವಾದ ನ್ಯಾಯಸೂತ್ರವು ಸ್ಥಾಪಿತವಾಗಲು 1996ರಿಂದ ಇಷ್ಟು ವರ್ಷ ಬೇಕಾಯಿತೆಂಬುದೇ ಪದ್ಧತಿಯ ಮೇಲಣ ಒಂದು ಟೀಕೆ.

ಇನ್ನು ಗ್ರಾಹಕನ ವಿಷಯ. ಫ್ಲಾಟು ಕೊಳ್ಳುವವನು, ಬೀಜ ಕೊಳ್ಳುವ ರೈತ, ಕಂತಿನ ಮೇಲೆ ವಾಹನ ತರುವವನು, ಇವರಾರೂ ಕರಾರಿನ ಷರತ್ತುಗಳನ್ನು ಚರ್ಚಿಸಿ ಸಹಿ ಮಾಡುವವರಲ್ಲ. ತೋರಿಸಿದ ಕಡೆ ಸಹಿ ಹಾಕುವವರು. ನಾಲ್ಕು ಲಕ್ಷ ರೂಪಾಯಿಯ ವಿವಾದವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಧಿನಿಯಮದ ನಾಲ್ಕನೆಯ ಅನುಸೂಚಿಯ ಮಾದರಿ ದರದಂತೆ ಐದು ಲಕ್ಷದವರೆಗಿನ ವಿವಾದಕ್ಕೆ ಶುಲ್ಕ 45,000 ರೂಪಾಯಿ. ಮಧ್ಯಸ್ಥಗಾರನು ಒಬ್ಬನೇ ಆದರೆ ಅದರ ಮೇಲೆ ಶೇಕಡ 25ರಷ್ಟು ಹೆಚ್ಚು, ಅಂದರೆ ಒಟ್ಟು 56,250. ಅರ್ಧರ್ಧ ಹಂಚಿಕೊಂಡರೂ ಗ್ರಾಹಕನ ಪಾಲಿಗೆ 28,125 ರೂಪಾಯಿ, ವಕೀಲರ ಫೀಜು ಬೇರೆ. ಅದೇ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಒಯ್ದರೆ, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದಲ್ಲಿ, ಶುಲ್ಕವೇ ಇಲ್ಲ. ಆಯೋಗಗಳಲ್ಲಿ ದೂರುಗಳು ನಿಗದಿಯಾದ ತಿಂಗಳುಗಳನ್ನು ಮೀರಿ ವರ್ಷಗಟ್ಟಲೆ ಉಳಿಯುವುದು ನಿಜವೇ. ಆದರೆ ವಿಳಂಬಕ್ಕೆ ಪರಿಹಾರವು ಆಯೋಗದ ಸದಸ್ಯರನ್ನು ಸಕಾಲದಲ್ಲಿ ನೇಮಿಸುವುದೇ ಹೊರತು, ದೂರುಗಾರನನ್ನು ದುಬಾರಿಯಾದ ಮತ್ತೊಂದು ಬಾಗಿಲಿಗೆ ಅಟ್ಟುವುದಲ್ಲ.

ನಮ್ಮ ಸುಪ್ರೀಂ ಕೋರ್ಟು ಈ ಸೂಕ್ಷ್ಮವನ್ನು ಚೆನ್ನಾಗಿ ಗ್ರಹಿಸಿರುವುದು ಸಮಾಧಾನದ ಸಂಗತಿ. ಬೀಜ ದೋಷಯುಕ್ತವೆಂದು ದೂರಿದ ಆಂಧ್ರಪ್ರದೇಶದ ರೈತರ ಎದುರು ರಾಷ್ಟ್ರೀಯ ಬೀಜ ನಿಗಮವು ಕರಾರಿನ ಮಧ್ಯಸ್ಥಿಕೆಯ ಷರತ್ತನ್ನು ಮುಂದೊಡ್ಡಿದಾಗ, ಅದು ಗ್ರಾಹಕರ ವೇದಿಕೆಗೆ ಹೋಗಲು ಅಡ್ಡಿಯಲ್ಲವೆಂದು 2012ರಲ್ಲಿ ನ್ಯಾಯಾಲಯ ಹೇಳಿತು. 2015ರ ತಿದ್ದುಪಡಿಯು ಆ ನಿಲುವನ್ನು ಬದಲಿಸಿತೆಂದು ಎಮಾರ್ ಎಂಜಿಎಫ್ ಎಂಬ ಕಟ್ಟಡ ಕಂಪನಿ ವಾದಿಸಿತಾದರೂ, 2018ರಲ್ಲಿ ಆ ವಾದವೂ ನಿಲ್ಲಲಿಲ್ಲ.

ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ಹಾದಿಯನ್ನು ಕಾಣುತ್ತೇವೆ. ಉಚಿತವೆಂದು ಜಾಹೀರಾದ ಮೊಬೈಲ್ ಫೋನಿಗೆ 30 ಡಾಲರು 22 ಸೆಂಟು ಮಾರಾಟ ತೆರಿಗೆ ತೆತ್ತ ಕ್ಯಾಲಿಫೋರ್ನಿಯದ ದಂಪತಿಗಳು ಎಟಿ ಅಂಡ್ ಟಿ ಕಂಪನಿಯ ಮೇಲೆ ಎಲ್ಲ ಗ್ರಾಹಕರ ಪರವಾಗಿ ಹೂಡಿದ ದಾವೆಯಲ್ಲಿ, ಸಾಮೂಹಿಕ ದಾವೆಯನ್ನು ನಿಷೇಧಿಸಿ ಒಬ್ಬೊಬ್ಬರೂ ಮಧ್ಯಸ್ಥಿಕೆಗೇ ಹೋಗಬೇಕೆಂದ ಕರಾರಿನ ಷರತ್ತನ್ನು ಆ ದೇಶದ ಸುಪ್ರೀಂ ಕೋರ್ಟು 1925ರ ಮಧ್ಯಸ್ಥಿಕೆ ಕಾಯಿದೆಯ ಆಧಾರದಿಂದ 2011ರಲ್ಲಿ ಎತ್ತಿಹಿಡಿಯಿತು. ಮೂವತ್ತು ಡಾಲರಿಗಾಗಿ ಒಂಟಿಯಾಗಿ ಸೆಣಸುವವರು ಎಷ್ಟು ಮಂದಿ? ಒಬ್ಬೊಬ್ಬರಿಂದ ಅಲ್ಪವೂ ಒಟ್ಟಿನಲ್ಲಿ ಅಪಾರವೂ ಆದ ಹಣವನ್ನು ಪಡೆಯುವ ಕಂಪನಿಗೆ ಇಂಥ ಷರತ್ತು ಕೋಟೆಯಂತೆ ರಕ್ಷಣೆ ಕೊಡುವುದು.

ಮಧ್ಯಸ್ಥಿಕೆಯ ಪ್ರಾಣವು ಸಮ್ಮತಿಯಲ್ಲಿದೆ. ಸಮ್ಮತಿಯಾದರೋ ಸಮಬಲರ ನಡುವೆ ಮಾತ್ರ ಸಾಚಾ ಆದುದು. ಆದಕಾರಣ ವಾಣಿಜ್ಯದ ವಿವಾದಗಳಿಗೆ ಈ ಪದ್ಧತಿಯು, ನೇಮಕದಲ್ಲಿ ನಿಷ್ಪಕ್ಷಪಾತವೂ ತೀರ್ಪಿನಲ್ಲಿ ಅಂತಿಮತೆಯೂ ಇದ್ದಲ್ಲಿ, ಉತ್ತಮವಾದುದು. ಗ್ರಾಹಕರ ವಿವಾದಗಳಲ್ಲಿ ಅದು, ವಿವಾದವು ಹುಟ್ಟಿದ ಮೇಲೆ ಗ್ರಾಹಕನೇ ತಿಳಿದು ಆರಿಸಿಕೊಂಡ ಹೊರತು, ಸಲ್ಲದು. ಕರಾರಿನಲ್ಲಿ ಅಂಥ ಷರತ್ತಿಗೆ ಸಹಿ ಹಾಕಿಬಿಟ್ಟೆನೆಂದು ಕೈಚೆಲ್ಲಿ ಕುಳಿತ ಗ್ರಾಹಕನು ತಿಳಿಯಬೇಕಾದುದು ಇಷ್ಟೆ: ಆ ಸಹಿಯಿಂದ ಅವನಿಗೆ ಜಿಲ್ಲಾ ಆಯೋಗದ ಬಾಗಿಲು ಮುಚ್ಚಿಲ್ಲ.