ಬಣ್ಣ ಉಳಿಯಿತು, ಬಟ್ಟೆ ಹೋಯಿತು

ಆಗಸ್ಟ್ ಬಂತೆಂದರೆ ಶಾಲೆಯ ಭಾಷಣಗಳಲ್ಲಿ ಅದೇ ಪಾಠ: ಕೇಸರಿ ಎಂದರೆ ತ್ಯಾಗ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ. ಆದರೆ ಸಂವಿಧಾನ ಸಭೆ 1947ರ ಜುಲೈ 22ರಂದು ಒಪ್ಪಿದ ನಿರ್ಣಯದಲ್ಲಿ ಈ ಪಾಠವಿಲ್ಲ. ಮೂರು ಬಣ್ಣಗಳೂ ಸಮಪ್ರಮಾಣದಲ್ಲಿ ಇರಬೇಕೆಂದಷ್ಟೇ ಅದು ವಿಧಿಸುತ್ತದೆ. ಅರ್ಥ ಬಿಡಿಸಿ ಹೇಳಿರುವುದು ನಡುವಿನ ಕಡುನೀಲಿ ಚಕ್ರಕ್ಕೆ ಮಾತ್ರ. ಅದರ ವಿನ್ಯಾಸ ಸಾರನಾಥದ ಅಶೋಕಸ್ತಂಭದ್ದು, ಅದು ಪ್ರತಿನಿಧಿಸುವುದು ಚರಕವನ್ನು.

ಬಣ್ಣಗಳ ಬಗೆಗಿನ ಆ ಮೌನದ ಹಿಂದೆ ಬಹಳ ವಿವೇಕವಿದೆ. 1921ರಲ್ಲಿ ಗಾಂಧೀಜಿ ಕೆಂಪನ್ನು ಹಿಂದೂಗಳಿಗೂ ಹಸಿರನ್ನು ಮುಸ್ಲಿಮರಿಗೂ ಬಿಳಿಯನ್ನು ಉಳಿದ ಧರ್ಮೀಯರಿಗೂ ಹಂಚಿ ವಿವರಿಸಿದ್ದರು. ಹಂಚಿದ ಮೇಲೆ ತಕರಾರು ಶುರುವಾಯಿತು. ತಮ್ಮ ಬಣ್ಣವೆಲ್ಲಿ ಎಂದು ಸಿಖ್ಖರು ಕೇಳಿದರು. 1931ರಲ್ಲಿ ಕಾಂಗ್ರೆಸ್ಸಿನ ಧ್ವಜ ಸಮಿತಿ ಇಡೀ ಬಾವುಟ ಕೇಸರಿಯಾಗಿರಲಿ ಎಂದಿತು. ಕಾಂಗ್ರೆಸ್ ಅದನ್ನು ಒಪ್ಪದೆ ಕೇಸರಿ, ಬಿಳಿ, ಹಸಿರುಗಳನ್ನು ಆರಿಸಿ, ಇವಕ್ಕೆ ಕೋಮಿನ ಅರ್ಥವಿಲ್ಲ ಎಂದು ಸ್ಪಷ್ಟವಾಗಿ ಸಾರಿತು. ಸಂವಿಧಾನ ಸಭೆಯಲ್ಲಿ ನೆಹರೂ ಹಿಡಿದದ್ದೂ ಇದೇ ನಿಲುವು. ರಾಧಾಕೃಷ್ಣನ್ ಅಂದು ಬಣ್ಣಗಳಲ್ಲಿ ವೈರಾಗ್ಯವನ್ನೂ ಬೆಳಕನ್ನೂ ಮಣ್ಣಿನ ನಂಟನ್ನೂ ಕಂಡರು. ಸೊಗಸಾದ ವ್ಯಾಖ್ಯಾನವೇ, ಆದರೆ ನಿರ್ಣಯದ ಮಾತಲ್ಲ. ಇಂದಿಗೂ ಕೇಸರಿ ಇವರದು, ಹಸಿರು ಅವರದು ಎಂದು ಗೆರೆ ಎಳೆಯುವವರು 1931ರಲ್ಲೇ ಕೈಬಿಟ್ಟ ಲೆಕ್ಕವನ್ನು ಮತ್ತೆ ತೆಗೆಯುತ್ತಿದ್ದಾರೆ.

ಹಾಗಾದರೆ ಅರ್ಥ ಎಲ್ಲಿತ್ತು? ಬಟ್ಟೆಯಲ್ಲಿತ್ತು. ನೂತವರು, ನೇಯ್ದವರು ಯಾವ ಜಾತಿ, ಯಾವ ಧರ್ಮದವರೆಂದು ಬಾವುಟ ಕೇಳುತ್ತಿರಲಿಲ್ಲ; ಕೈಯಿಂದ ನೂತದ್ದೇ, ಕೈಯಿಂದ ನೇಯ್ದದ್ದೇ ಎಂದು ಮಾತ್ರ ಕೇಳುತ್ತಿತ್ತು. ಈ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಧಾರವಾಡದ ಹತ್ತಿರದ ಗರಗ ಧ್ವಜದ ಬಟ್ಟೆಗೆ ಹೆಸರಾದ ಊರು. ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಲ್ಲಿ ಬಟ್ಟೆಗೆ ಬಣ್ಣ ಹಾಕಿ, ಬಿಳಿ ಪಟ್ಟಿಯ ಎರಡೂ ಬದಿಗೆ 24 ಅರಗಳ ಚಕ್ರವನ್ನು ಒಂದಕ್ಕೊಂದು ಸರಿಯಾಗಿ ಕೂಡುವಂತೆ ಅಚ್ಚು ಹಾಕಿ, ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಾರೆ. ಇಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ನೂಲಿನ ಗಟ್ಟಿತನ, ಬಣ್ಣದ ಛಾಯೆ, ಬಿಸಿಲಿಗೆ, ನೀರಿಗೆ ಅದು ನಿಲ್ಲುವ ಬಗೆ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ.

2002ರ ಧ್ವಜ ಸಂಹಿತೆ ವರ್ಷದ ಎಲ್ಲ ದಿನವೂ ಬಾವುಟ ಹಾರಿಸುವ ಅವಕಾಶವನ್ನು ಸಾಮಾನ್ಯ ಪ್ರಜೆಗೆ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಕ್ಕೆಂದು ಎತ್ತಿಹಿಡಿಯಿತು. ಎರಡನ್ನೂ ಮನಸಾರೆ ಸ್ವಾಗತಿಸುತ್ತೇನೆ. ಸರ್ಕಾರಿ ಕಟ್ಟಡದ ಮೇಲಷ್ಟೇ ಹಾರುವ ಬಾವುಟ ಜನರಿಂದ ದೂರವೇ ಉಳಿಯುತ್ತದೆ. ಆದರೆ 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರಿಗೂ ಯಂತ್ರದಲ್ಲಿ ತಯಾರಾದ ಬಟ್ಟೆಗೂ ಒಪ್ಪಿಗೆ ಕೊಟ್ಟಿತು. ಮರುವರ್ಷ ಮನೆಮನೆಯಲ್ಲಿ ತಿರಂಗಾ ಹಾರಿಸುವ ಕರೆ ಬಂದಾಗ ಅಗ್ಗದ ಬಾವುಟಗಳು ರಾಶಿಗಟ್ಟಲೆ ಮಾರುಕಟ್ಟೆಗೆ ಬಂದವು. ಒಂದರ ಕೇಸರಿ ಕಿತ್ತಳೆ, ಇನ್ನೊಂದರದು ಕೆಂಪಿಗೆ ಹತ್ತಿರ. ಚಕ್ರ ಒಂದು ಕಡೆಗೆ ವಾಲಿರುತ್ತದೆ.

ಬಡವರ ಮನೆಗೂ ಬಾವುಟ ಎಟುಕಬೇಕು ಎಂಬ ವಾದವನ್ನು ತಳ್ಳಿಹಾಕಲಾರೆ. ಬೆಲೆಯೇ ಅಡ್ಡಿಯಾಗಿದ್ದರೆ ಖಾದಿಗೆ ಸಹಾಯಧನ ಕೊಡಬಹುದಿತ್ತು. ಸಣ್ಣ ಅಳತೆಯ ಬಾವುಟಗಳನ್ನು ನೇಕಾರರಿಂದ ಸರ್ಕಾರವೇ ಕೊಂಡು ಹಂಚಬಹುದಿತ್ತು. ನೂಲುವವರಿಗೆ ಕೆಲಸ, ಮನೆಗಳಿಗೆ ಬಾವುಟ, ಎರಡೂ ಸಿಗುತ್ತಿದ್ದವು. ಚರಕವನ್ನು ಪ್ರತಿನಿಧಿಸುವ ಚಕ್ರವನ್ನು ಚರಕದ ಸೋಂಕೇ ಇಲ್ಲದ ಪಾಲಿಯೆಸ್ಟರಿನ ಮೇಲೆ ಅಚ್ಚು ಹಾಕುವುದು ನಿರ್ಣಯವನ್ನು ಅರ್ಧಕ್ಕೆ ಓದಿದಂತೆ. ಮನೆಯವರ ಆಯ್ಕೆ ಮನೆಯವರಿಗಿರಲಿ. ಸಂಸತ್ತು, ವಿಧಾನಸೌಧ, ನ್ಯಾಯಾಲಯ, ಸರ್ಕಾರಿ ಶಾಲೆಗಳ ಮೇಲೆ ಹಾರುವ ಬಾವುಟ ಮಾತ್ರ ಕೈನೂಲಿನದೇ ಆಗಿರಬೇಕೆಂದು ಸಂಹಿತೆ ಮತ್ತೆ ಬರೆಯಲಿ.