ಗಾರ್ಗಾಂಟುವದ ಎರಡು ಬದಿಗಳು

ಹೊಸ ಮಾಧ್ಯಮ ತಂತ್ರಜ್ಞಾನ, ಡಿಜಿಟಲ್ ಕಥನ ಮುಂತಾದ ಹೆಸರಿನ ವ್ಯಾಸಂಗಗಳು ಈಗ ವಿಶ್ವವಿದ್ಯಾಲಯಗಳಿಗೆ ಬಂದಿವೆ. ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಕ್ಷೇತ್ರಗಳಿಗೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಒಂದು ನೀತಿಯನ್ನು ಪ್ರಕಟಿಸಿತು. 2024ರಲ್ಲಿ ಅದರ ಮೂರನೆಯ ಆವೃತ್ತಿ ಬಂತು. ವಿಜ್ಞಾನವೂ ಕಥನವೂ ಕೂಡಿಬಂದ ಮಾದರಿ ಯಾವುದು ಎಂದು ಈ ವಿಷಯದ ವಿದ್ಯಾರ್ಥಿಗಳನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: 2014ರ 'ಇಂಟರ್‌ಸ್ಟೆಲ್ಲರ್' ಚಲನಚಿತ್ರದ ಕಪ್ಪುಕುಳಿ, ಗಾರ್ಗಾಂಟುವ. "ಅದು ಪೂರ್ತಿ ವೈಜ್ಞಾನಿಕವಂತೆ ಸರ್" ಎಂಬ ಮಾತೂ ಜೊತೆಗೆ ಬರುತ್ತದೆ. ಈ 'ಪೂರ್ತಿ' ಎಂಬುದನ್ನು ಸ್ವಲ್ಪ ಪರೀಕ್ಷಿಸಬೇಕಾಗಿದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಚಿತ್ರದ ವಿಜ್ಞಾನ ಸಲಹೆಗಾರರು ಕ್ಯಾಲ್ಟೆಕ್‌ನ ಕಿಪ್ ಥಾರ್ನ್. ಗುರುತ್ವ ಅಲೆಗಳ ಪತ್ತೆಗಾಗಿ 2017ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಲಂಡನ್ನಿನ ಡಬಲ್ ನೆಗೆಟಿವ್ ಸಂಸ್ಥೆಯ ಆಲಿವರ್ ಜೇಮ್ಸ್, ಪಾಲ್ ಫ್ರಾಂಕ್ಲಿನ್ ಮೊದಲಾದವರು ಅವರ ಸಮೀಕರಣಗಳನ್ನು ಸುಮಾರು 40,000 ಸಾಲುಗಳ ಕ್ರಮವಿಧಿಯಾಗಿಸಿದರು. ಸಾಮಾನ್ಯ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಬೆಳಕು ನೇರ ರೇಖೆಯಲ್ಲಿ ಚಲಿಸುತ್ತದೆ. ಇಲ್ಲಿ ಅದು ಸಾರ್ವತ್ರಿಕ ಸಾಪೇಕ್ಷತೆ ಹೇಳುವಂತೆ ಬಾಗಬೇಕಿತ್ತು. ಒಂದೊಂದೇ ಕಿರಣವನ್ನು ಹಿಂಬಾಲಿಸಿದರೆ ಚಿತ್ರದಲ್ಲಿ ನಕ್ಷತ್ರಗಳು ಮಿನುಗಿ ಕಣ್ಣಿಗೆ ಕಿರಿಕಿರಿಯಾಗುತ್ತದೆಂದು ಕಿರಣಗಳ ತೆಳು ಕಂತೆಗಳನ್ನೇ ಹಿಂಬಾಲಿಸುವ ಉಪಾಯ ಹೂಡಿದರು. ಐಮ್ಯಾಕ್ಸ್ ಚಿತ್ರದ ಒಂದು ಚೌಕಟ್ಟಿನಲ್ಲಿ 2.3 ಕೋಟಿ ಪಿಕ್ಸೆಲ್‌ಗಳಿರುತ್ತವೆ. ಅಂಥ ಸಾವಿರಾರು ಚೌಕಟ್ಟುಗಳು ಬೇಕಿದ್ದವು. ಕುಳಿಯ ಹಿಂದಿರುವ ಅನಿಲದ ತಟ್ಟೆಯು ಅದರ ಮೇಲೂ ಕೆಳಗೂ ಕಮಾನಿನಂತೆ ಕಾಣಿಸುತ್ತದಲ್ಲ, ಅದು ಕಲಾವಿದರ ಕಲ್ಪನೆಯಲ್ಲ, ಬಾಗಿದ ಬೆಳಕಿನ ಲೆಕ್ಕ.

ಆದರೆ ಆ ತಟ್ಟೆಯ ಎಡಬಲಗಳನ್ನು ಹೋಲಿಸಿ ನೋಡಿ. ಎರಡೂ ಬದಿ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಪ್ರಕಾಶ. ಇದು ಸಾಧ್ಯವೆ? ಸ್ನಾತಕ ತರಗತಿಯ ಭೌತಶಾಸ್ತ್ರ ಸಾಕು, ಲೆಕ್ಕ ಮಾಡೋಣ. ಸರಳತೆಗಾಗಿ ಸ್ವಭ್ರಮಣೆ ಇಲ್ಲದ ಕಪ್ಪುಕುಳಿಯನ್ನು ತೆಗೆದುಕೊಳ್ಳೋಣ. ನೋಡುವವರು ದೂರದಲ್ಲಿ, ತಟ್ಟೆಯ ಸಮತಲದಲ್ಲೇ ಇದ್ದಾರೆ. ಅನಿಲವು ಸ್ಥಿರವಾಗಿ ಸುತ್ತಬಲ್ಲ ಅತ್ಯಂತ ಒಳಗಿನ ಕಕ್ಷೆಯ ತ್ರಿಜ್ಯ ಕುಳಿಯ ಅಂಚಿನ ತ್ರಿಜ್ಯದ 3 ಪಟ್ಟು. ಅಲ್ಲಿ ನಿಶ್ಚಲವಾಗಿ ನಿಂತವರು ಅಳೆದರೆ ಅನಿಲದ ವೇಗ ಬೆಳಕಿನ ವೇಗದ ಸರಿಯಾಗಿ ಅರ್ಧ. ನಮ್ಮತ್ತ ಬರುವ ಬದಿಯಲ್ಲಿ ಡಾಪ್ಲರ್ ಪರಿಣಾಮದಿಂದ ಬೆಳಕಿನ ಆವೃತ್ತಿ 3ರ ವರ್ಗಮೂಲದಷ್ಟು, ಅಂದರೆ 1.73 ಪಟ್ಟು ಏರುತ್ತದೆ. ದೂರ ಸರಿಯುವ ಬದಿಯಲ್ಲಿ ಅಷ್ಟೇ ಪಾಲು ಇಳಿಯುತ್ತದೆ. ಗುರುತ್ವದಿಂದ ಮೇಲೇರುವಾಗ ಎರಡೂ ಬದಿಯ ಬೆಳಕು 0.82ಕ್ಕೆ ಕುಗ್ಗುತ್ತದೆ. ಎರಡನ್ನೂ ಗುಣಿಸಿದರೆ ಒಂದು ಬದಿಗೆ 1.41, ಇನ್ನೊಂದಕ್ಕೆ 0.47. 580 ನ್ಯಾನೋಮೀಟರಿನ ಹಳದಿ ಬೆಳಕು ಒಂದು ಕಡೆ 410 ನ್ಯಾನೋಮೀಟರಿನ ನೇರಳೆಯಾಗುತ್ತದೆ, ಇನ್ನೊಂದು ಕಡೆ 1230 ನ್ಯಾನೋಮೀಟರಾಗಿ ಕಣ್ಣಿಗೆ ಕಾಣದ ಅವಕೆಂಪಿಗೆ ಜಾರುತ್ತದೆ. ಒಟ್ಟು ಪ್ರಕಾಶವಂತೂ ಈ ಗುಣಕದ ನಾಲ್ಕನೆಯ ಘಾತದಂತೆ ಬದಲಾಗುತ್ತದೆ. ಗುಣಕಗಳ ಅನುಪಾತ 3. 3ರ ನಾಲ್ಕನೆಯ ಘಾತ 81. ಒಂದು ಬದಿ ಇನ್ನೊಂದಕ್ಕಿಂತ 81 ಪಟ್ಟು ಪ್ರಖರ! ಪರದೆಯ ಮೇಲೆ ಇದರ ಸುಳಿವೂ ಇಲ್ಲ.

ಚಿತ್ರ ಮಾಡಿದವರಿಗೆ ಇದು ತಿಳಿಯದ ಸಂಗತಿಯಲ್ಲ. 2015ರಲ್ಲಿ 'ಕ್ಲಾಸಿಕಲ್ ಅಂಡ್ ಕ್ವಾಂಟಮ್ ಗ್ರಾವಿಟಿ' ಪತ್ರಿಕೆಯಲ್ಲಿ ಅವರೇ ಪ್ರಬಂಧ ಬರೆದು, ಬಣ್ಣದ ಪಲ್ಲಟ ಸೇರಿಸಿದಾಗ, ಪ್ರಕಾಶದ ವ್ಯತ್ಯಾಸವನ್ನೂ ಸೇರಿಸಿದಾಗ ತಟ್ಟೆ ಹೇಗೆ ಕಾಣುತ್ತದೆಂದು ಪಕ್ಕಪಕ್ಕದಲ್ಲಿ ತೋರಿಸಿದ್ದಾರೆ. ಎಲ್ಲವನ್ನೂ ಸೇರಿಸಿದ ಚಿತ್ರದಲ್ಲಿ ಒಂದು ಬದಿ ನೀಲಿಯಾಗಿ ಉರಿಯುತ್ತದೆ, ಇನ್ನೊಂದು ಬದಿ ಕತ್ತಲಲ್ಲಿ ಕರಗುತ್ತದೆ. ಪ್ರೇಕ್ಷಕರಿಗೆ ಗೊಂದಲವಾದೀತೆಂದು ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅದನ್ನು ಬಿಟ್ಟರು. ಇನ್ನೊಂದು ಬದಲಾವಣೆ ಇದಕ್ಕಿಂತ ಸೂಕ್ಷ್ಮ. ಕಥೆಯಲ್ಲಿ ಒಂದು ಗ್ರಹದ ಮೇಲಿನ ಒಂದು ಗಂಟೆ ಭೂಮಿಯ 7 ವರ್ಷಕ್ಕೆ ಸಮ. ಕಾಲ ಇಷ್ಟು ನಿಧಾನವಾಗಬೇಕಾದರೆ ಕುಳಿಯ ಸ್ವಭ್ರಮಣೆ ಗರಿಷ್ಠ ಮಿತಿಗೆ ನೂರು ಲಕ್ಷಕೋಟಿಯಲ್ಲಿ ಒಂದು ಪಾಲಷ್ಟು ಹತ್ತಿರವಿರಬೇಕು. ಅಂಥ ಕುಳಿಯ ನೆರಳು ಒಂದು ಪಕ್ಕಕ್ಕೆ ಚಪ್ಪಟೆಯಾಗಿ ಕಾಣುತ್ತದೆ. ಅದೂ ಪ್ರೇಕ್ಷಕರಿಗೆ ಬೇಡವೆನಿಸಿ, ಚಿತ್ರಿಸುವಾಗ ಗರಿಷ್ಠದ 0.6ರಷ್ಟು ಸ್ವಭ್ರಮಣೆಯನ್ನು ಇಟ್ಟುಕೊಂಡರು. ಹೀಗಾಗಿ ಕಥೆಯಲ್ಲಿರುವ ಕಪ್ಪುಕುಳಿ ಒಂದು, ಪರದೆಯ ಮೇಲಿರುವುದು ಇನ್ನೊಂದು. ಎರಡಕ್ಕೂ ಹೆಸರು ಮಾತ್ರ ಒಂದೇ.

ಬಿಟ್ಟದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕಥೆ ಹೇಳುವವರು ಆಯ್ಕೆ ಮಾಡಲೇಬೇಕು. ಪಾಠ ಹೇಳುವ ನಾವೂ ಘರ್ಷಣೆಯನ್ನು ಬಿಟ್ಟೇ ಲೋಲಕವನ್ನು ತೂಗಿಬಿಡುವುದಿಲ್ಲವೆ? ಆದರೆ ಬಿಟ್ಟಿದ್ದೇವೆಂದು ಹೇಳಿ ಬಿಡುತ್ತೇವೆ. ನನ್ನ ಆಕ್ಷೇಪ ಚಿತ್ರದ ಮೇಲಲ್ಲ, ಅದನ್ನು ತರಗತಿಗೆ ತರುವ ರೀತಿಯ ಮೇಲೆ. ಪ್ರಬಂಧವನ್ನು ಕೆಲವರು ಓದಿದರು, ಚಿತ್ರವನ್ನು ಕೋಟ್ಯಂತರ ಜನ ನೋಡಿದರು. ಈ ಎರಡರ ನಡುವಿನ ಅಂತರವೇ ಡಿಜಿಟಲ್ ಕಥನದ ವಿದ್ಯಾರ್ಥಿ ಅಧ್ಯಯನ ಮಾಡಬೇಕಾದ ವಸ್ತು. ನಾನು ನೋಡಿದ ಹಲವು ಪಠ್ಯಕ್ರಮಗಳಲ್ಲಿ ಅದಕ್ಕೆ ಜಾಗವಿಲ್ಲ. ತಂತ್ರಾಂಶಗಳ ಹೆಸರುಗಳ ಪಟ್ಟಿ ಉದ್ದವಾಗಿರುತ್ತದೆ. ಬೆಳಕು, ಬಲ, ಸಂಭವನೀಯತೆ ಎಂಬ ಮಾತುಗಳು ಎಲ್ಲೂ ಇರುವುದಿಲ್ಲ. (ಆ ತಂತ್ರಾಂಶಗಳಲ್ಲಿ ಅರ್ಧದಷ್ಟು, ವಿದ್ಯಾರ್ಥಿ ಪದವಿ ಪಡೆಯುವ ಹೊತ್ತಿಗೆ ಹಳತಾಗಿರುತ್ತವೆ ಎಂಬುದು ಬೇರೆ ಮಾತು.)

ಈ ಕ್ಷೇತ್ರದ ವಿದ್ವಾಂಸರೇನೂ ಇದನ್ನು ಮರೆತವರಲ್ಲ. 1997ರಲ್ಲಿ ಜಾನೆಟ್ ಮರ್ರೆ ಡಿಜಿಟಲ್ ಮಾಧ್ಯಮದ ನಾಲ್ಕು ಗುಣಗಳನ್ನು ಗುರುತಿಸಿದಾಗ ನಿಯಮಗಳನ್ನು ಪಾಲಿಸಿ ನಡೆಯುವ ಶಕ್ತಿಯನ್ನೂ ಅವುಗಳಲ್ಲಿ ಎಣಿಸಿದರು. ಗಣಕವು ಚಿತ್ರವನ್ನು ಬರಿದೆ ತೋರಿಸುವುದಿಲ್ಲ, ನಿಯಮದ ಪ್ರಕಾರ ಹುಟ್ಟಿಸುತ್ತದೆ. ನಿಯಮ ಎಂದ ಮೇಲೆ ಅದು ನಿಸರ್ಗದ್ದೋ ನಿರ್ದೇಶಕರದ್ದೋ ಎಂದು ಕೇಳಬೇಡವೆ?

ಗಣಕದ ಸೌಲಭ್ಯ ಕಡಿಮೆಯಿದ್ದುದು ಇದಕ್ಕೆ ಅಡ್ಡಿಯಾಗಲಿಲ್ಲವೆಂಬುದನ್ನೂ ಗಮನಿಸಬೇಕು. 1979ರಲ್ಲಿ ಫ್ರಾನ್ಸಿನ ಝ್ಯಾನ್ ಪಿಯೆರ್ ಲ್ಯುಮಿನೆ ತೂತುಕಾರ್ಡಿನ ಗಣಕದಲ್ಲಿ ತಿರುಗದ ಕಪ್ಪುಕುಳಿಯೊಂದರ ಲೆಕ್ಕ ಮಾಡಿ, ಬೆಳಕು ಹೆಚ್ಚಿರುವಲ್ಲಿ ಹೆಚ್ಚು ಚುಕ್ಕೆ ಎಂಬಂತೆ ಕೈಯಿಂದಲೇ ಶಾಯಿಯ ಚುಕ್ಕೆಗಳನ್ನಿಟ್ಟು ಚಿತ್ರ ಬರೆದರು. ಬಣ್ಣವಿಲ್ಲ, ಚಲನೆಯಿಲ್ಲ. ಆದರೆ ಅದರಲ್ಲಿ ಒಂದು ಬದಿ ಬೆಳಗಿದೆ, ಇನ್ನೊಂದು ಮಂಕಾಗಿದೆ. ಭೌತಶಾಸ್ತ್ರದ ದೃಷ್ಟಿಯಿಂದ ನನಗೆ ಗಾರ್ಗಾಂಟುವಕ್ಕಿಂತ ಆ ಕಪ್ಪುಬಿಳುಪು ಚಿತ್ರವೇ ಮೇಲು.

ಲೆಕ್ಕ ಮಾಡುವವರೇ ಕಥೆಯನ್ನೂ ಹೇಳಿದ ಉದಾಹರಣೆ ನಮ್ಮಲ್ಲಿಯೂ ಇದೆ. ಕೆಣಕಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲಿ ತೋರಿಸಿದ ಸಿ. ವಿ. ವಿಶ್ವೇಶ್ವರ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಅಲ್ಲಿನ ಪ್ರದರ್ಶನಗಳ ಚಿತ್ರಕಥೆಗಳನ್ನೂ ಬರೆದರು. ಇಂದು ಆ ಎರಡು ಕೆಲಸಗಳನ್ನು ಎರಡು ವಿಭಾಗಗಳಿಗೆ ಹಂಚಿ ನಡುವೆ ಗೋಡೆ ಕಟ್ಟಿದ್ದೇವೆ. ಮಾಧ್ಯಮ ವಿಭಾಗದ ವಿದ್ಯಾರ್ಥಿ ತಾನು ಮಾಡಿದ ಪ್ರತಿ ವೈಜ್ಞಾನಿಕ ದೃಶ್ಯದ ಜೊತೆಗೆ ಒಂದು ಪುಟ ಬರೆಯಲಿ: ಲೆಕ್ಕದಿಂದ ಬಂದದ್ದು ಯಾವುದು, ಕಣ್ಣಿಗೆ ಹಿತವೆಂದು ಸೇರಿಸಿದ್ದು ಯಾವುದು, ಬಿಟ್ಟದ್ದು ಯಾವುದು. ಆ ಪುಟಕ್ಕೂ ಅಂಕವಿರಲಿ. ಮೌಲ್ಯಮಾಪನಕ್ಕೆ ಭೌತಶಾಸ್ತ್ರ ವಿಭಾಗದವರೊಬ್ಬರು ಕೂರಲಿ. ಇದಕ್ಕೆ ಹೊಸ ಪ್ರಯೋಗಾಲಯವೇನೂ ಬೇಕಿಲ್ಲ.

2019ರ ಏಪ್ರಿಲ್ 10ರಂದು 'ಇವೆಂಟ್ ಹೊರೈಝನ್ ದೂರದರ್ಶಕ' ಕೂಟದವರು ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ ಬಿಡುಗಡೆ ಮಾಡಿದಾಗ, ಸಿನಿಮಾದ್ದೇ ಚೆನ್ನಾಗಿತ್ತು ಎಂದ ವಿದ್ಯಾರ್ಥಿಗಳಿದ್ದರು. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಆ ಉಂಗುರದ ಕೋನವ್ಯಾಸ 42 ಮೈಕ್ರೋ ಆರ್ಕ್‌ಸೆಕೆಂಡ್ ಮಾತ್ರ, ಮಸುಕಾಗದೆ ಇನ್ನೇನಾದೀತು? ಅದರ ಕಿತ್ತಳೆ ಬಣ್ಣವೂ ಆಯ್ಕೆಯದ್ದೇ. 1.3 ಮಿಲಿಮೀಟರ್ ತರಂಗದೂರದ ರೇಡಿಯೋ ಅಲೆಗೆ ಎಲ್ಲಿಯ ಬಣ್ಣ! ಆದರೆ ತಮ್ಮ ಆಯ್ಕೆ ದತ್ತಾಂಶವನ್ನು ತಿರುಚದಿರಲೆಂದು ಅವರು ನಾಲ್ಕು ತಂಡಗಳಾಗಿ, ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ಚಿತ್ರ ರಚಿಸಿ, ಆಮೇಲೆ ಹೋಲಿಸಿದರು. ನಾಲ್ಕರಲ್ಲೂ ಉಂಗುರ ಬಂತು. ನಾಲ್ಕರಲ್ಲೂ ಅದರ ದಕ್ಷಿಣದ ಬದಿ ಹೆಚ್ಚು ಬೆಳಗಿತ್ತು. ಅಲ್ಲಿ ನಾವು ತಟ್ಟೆಯನ್ನು ಬಹುಪಾಲು ಮೇಲಿನಿಂದ ನೋಡುತ್ತಿರುವುದರಿಂದ ಅನುಪಾತ 81ರಷ್ಟು ಬರುವುದಿಲ್ಲ. ಆದರೂ ಬೆಳಗಿದ ಬದಿ ನಮ್ಮತ್ತ ಧಾವಿಸುತ್ತಿರುವ ಪ್ಲಾಸ್ಮಾದ್ದು.